ಎಡಿನ್‌ಬರೋ ನಗರದಲ್ಲಿ ಹದಿನೆಂಟು ದಿನಗಳು

೨೦೨೫ನೆಯ ಇಸವಿ ಜೂನ್ ತಿಂಗಳಿನಲ್ಲಿ ನಾನು ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರಕ್ಕೆ ಹೋಗಿ ಹದಿನೆಂಟು ದಿನ ಅಲ್ಲಿದ್ದು ಬಂದೆನು. ದೇಶ ನೋಡುವ ಕುತೂಹಲದಿಂದ ಹೊರಟವನು ನಾನಲ್ಲ. ಮೂವತ್ತುನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಹಿಂದಿನ ವರ್ಷವಷ್ಟೇ ನಿವೃತ್ತನಾಗಿ ನಂಜನಗೂಡಿನ ಮನೆಯಲ್ಲಿ ಸುಮ್ಮನೆ ಕುಳಿತಿದ್ದವನನ್ನು ಅಷ್ಟು ದೂರ ಅಟ್ಟಿದವಳು ನನ್ನ ತಂಗಿ. ಅವಳ ಒಬ್ಬಳೇ ಮಗಳು ಓದುವುದಕ್ಕೆಂದು ಅಲ್ಲಿಗೆ ಹೋಗಿ ಮೂರು ವರ್ಷವಾಗುತ್ತ ಬಂದಿತ್ತು. ಓದು ಮುಗಿದು ಎರಡು ವರ್ಷವಾಗುತ್ತ ಬಂದಿತ್ತು. ಓದಿದ ವಿದ್ಯೆಗೆ ತಕ್ಕ ಕೆಲಸ ಮಾತ್ರ ದೊರೆತಿರಲಿಲ್ಲ. ನವೆಂಬರ್ ತಿಂಗಳಿಗೆ ಅವಳ ವೀಸಾ ಮುಗಿಯುವುದರಲ್ಲಿತ್ತು.

“ಅಣ್ಣಯ್ಯ, ನೀನೇ ಹೋಗಿ ಅವಳನ್ನು ಕರೆದುಕೊಂಡು ಬಾ. ನಾನು ಕರೆದರೆ ಫೋನಿನಲ್ಲಿ ಅಳುತ್ತಾಳೆ, ನೀನು ಕರೆದರೆ ಬರುತ್ತಾಳೆ” ಎಂದು ತಂಗಿ ಹೇಳಿದಳು. ತಂಗಿಯ ಗಂಡ ೨೦೦೯ರಲ್ಲಿ ತೀರಿಕೊಂಡಾಗ ಮಗುವಿಗೆ ಒಂಬತ್ತು ವರ್ಷ. ಅಂದಿನಿಂದ ಆ ಮಗು ನನ್ನ ಮನೆಯಲ್ಲಿಯೇ ಬೆಳೆಯಿತು. ಆದುದರಿಂದ ನಾನು ಇಲ್ಲವೆನ್ನಲಾರದೆ, ನಿವೃತ್ತಿಯ ಹಣದಲ್ಲಿ ಒಂದಿಷ್ಟು ತೆಗೆದು ಹೊರಟೆನು.

ಹುಡುಗಿ ಕಲಿತದ್ದು ಆಕ್ಚುಯರಿ ವಿದ್ಯೆ. ಅದೇನೆಂಬುದು ನನಗೆ ತಿಳಿಯಲು ಬಹುಕಾಲ ಹಿಡಿಯಿತು. ವಾಚಕರಲ್ಲಿಯೂ ಹಲವರಿಗೆ ಹಾಗೆಯೇ ಇರಬಹುದು. ಒಂದು ಜಿಲ್ಲೆಯಲ್ಲಿ ಒಂದೇ ವಯಸ್ಸಿನ ಸಾವಿರ ಮಂದಿ ಉಪಾಧ್ಯಾಯರಿದ್ದಾರೆಂದು ಇಟ್ಟುಕೊಳ್ಳೋಣ. ಬರುವ ವರ್ಷ ಅವರಲ್ಲಿ ಯಾರು ಸಾಯುವರೆಂಬುದನ್ನು ಬ್ರಹ್ಮನಲ್ಲದೆ ಬೇರೊಬ್ಬನು ಹೇಳಲಾರನು. ಆದರೆ ಎಷ್ಟು ಮಂದಿ ಸಾಯುವರೆಂಬುದನ್ನು ಹಿಂದಿನ ಮರಣಗಳ ಲೆಕ್ಕವಿಟ್ಟು ನೋಡಿ ಹೆಚ್ಚುಕಡಿಮೆ ಸರಿಯಾಗಿ ಹೇಳಬಹುದು. ಆ ಸಂಖ್ಯೆ ತಿಳಿದಮೇಲೆ, ಹಣಕ್ಕೆ ಬರುವ ಬಡ್ಡಿಯನ್ನೂ ಸೇರಿಸಿ, ಸತ್ತವರ ಮನೆಗೆ ಇಷ್ಟು ಕೊಡಬೇಕಾದರೆ ಬದುಕಿರುವ ಒಬ್ಬೊಬ್ಬನಿಂದ ವರ್ಷಕ್ಕೆ ಎಷ್ಟು ಕಂತು ತೆಗೆದುಕೊಳ್ಳಬೇಕೆಂದು ಗೊತ್ತುಮಾಡುವವನೇ ಆಕ್ಚುಯರಿ, ವಿಮಾಗಣಕನೆನ್ನಬಹುದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳನ್ನು ಬೇಕಾದಷ್ಟು ಮಾಡಿದ್ದಾನೆ, ಸಾವಿನೊಡನೆ ಬಡ್ಡಿಯನ್ನು ಕೂಡಿಸಿದ ಲೆಕ್ಕವನ್ನು ನಾನು ಅಲ್ಲಿ ಕಂಡಿರಲಿಲ್ಲ. ಅದನ್ನು ೧೬೯೩ರಲ್ಲಿ ಬ್ರೆಸ್ಲೌ ಎಂಬ ಊರಿನ ಜನನಮರಣಗಳನ್ನು ಹಿಡಿದು ಮಾಡಿ ತೋರಿಸಿದವನು, ಧೂಮಕೇತುವಿನಿಂದ ಹೆಸರಾದ ಹ್ಯಾಲಿ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ‘ವಿಮೆ’ ಎಂಬ ಶಬ್ದಕ್ಕೆ, ‘ವಿ’ ಉಪಸರ್ಗ, ‘ಮಾ’ ಧಾತು, ಅಳತೆಯೆಂದು ಅರ್ಥ, ಎಂಬುದಾಗಿ ನಾನು ಎಷ್ಟೋ ವರ್ಷ ತರಗತಿಯಲ್ಲಿ ವ್ಯುತ್ಪತ್ತಿ ಹೇಳಿದ್ದೆನು. ಅದು ಸಂಸ್ಕೃತವೇ ಅಲ್ಲ; ಹಿಂದೂಸ್ಥಾನಿಯ ‘ಬೀಮಾ’ ನಮ್ಮಲ್ಲಿಗೆ ಬಂದು ಮಡಿಯುಟ್ಟಿದೆ. ಶಿಷ್ಯರು ಕ್ಷಮಿಸಬೇಕು.

ಹುಡುಗಿ ಲಂಡನ್ನಿಗೇ ಬಂದು ನನ್ನನ್ನು ಎದುರುಗೊಂಡಳು. ಬಹಳ ಇಳಿದುಹೋಗಿದ್ದಳು, ನಾನು ಅದನ್ನು ಆಡಲಿಲ್ಲ. ಉತ್ತರಕ್ಕೆ ಹೋಗುವ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ನನ್ನನ್ನು ಹೈ ಹೋಬರ್ನ್ ಎಂಬ ಬೀದಿಗೆ ಕರೆದೊಯ್ದು ಸ್ಟೇಪಲ್ ಇನ್ ಎಂಬ ಕಟ್ಟಡವನ್ನು ತೋರಿಸಿದಳು. ೧೫೮೦ರ ದಶಕದ ಮರದ ಮುಂಭಾಗ. ಕಪ್ಪು ತೊಲೆಗಳ ನಡುವೆ ಬಿಳಿಯ ಗಾರೆ. ಗಾಜಿನ ಗೋಪುರಗಳ ಊರಿನಲ್ಲಿ ಅದೊಂದು ಮಾತ್ರ ಬಾಗಿದ ಬೆನ್ನಿನ ಅಜ್ಜಿಯಂತೆ ಬೀದಿಯ ಕಡೆಗೆ ಚಾಚಿಕೊಂಡು ನಿಂತಿದೆ. ೧೮೪೮ರಲ್ಲಿ ಸ್ಥಾಪಿತವಾದ ಆಕ್ಚುಯರಿಗಳ ಸಂಸ್ಥೆ ೧೮೮೭ರಲ್ಲಿ ಇಲ್ಲಿ ನೆಲೆಸಿ ನೂರು ವರ್ಷಕ್ಕೂ ಮಿಕ್ಕಿ ಇದ್ದಿತು. ೧೯೪೪ರಲ್ಲಿ ಜರ್ಮನರ ಹಾರುಬಾಂಬಿನಿಂದ ಒಳಗಿನ ಸಭಾಭವನ ಹಾಳಾಗಿ, ತರುವಾಯ ಹಳೆಯ ಮಾದರಿಯಲ್ಲಿಯೇ ಕಟ್ಟಿದರು. ಆ ಸಂಸ್ಥೆಯ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ, ಅನಿಶ್ಚಿತಗಳಿಂದ ನಿಶ್ಚಿತ ಎಂದು ಹುಡುಗಿ ಹೇಳಿದಳು. ನನಗೆ ನಗು ಬಂದಿತು. ಆ ಹೊತ್ತಿನಲ್ಲಿ ಅವಳ ಬಳಿ ಇದ್ದುದು ಅದರ ಮೊದಲ ಶಬ್ದದ ಸಾಮಗ್ರಿ ಮಾತ್ರ.

ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಎಡಿನ್‌ಬರೋವಿಗೆ ೩೯೩ ಮೈಲಿ. ರೈಲಿಗೆ ನಾಲ್ಕೂವರೆ ಗಂಟೆಯ ದಾರಿ. ಹೋಗುವಾಗ ಬಲಗಡೆಯ ಕಿಟಕಿಯಲ್ಲಿ ಕುಳಿತುಕೊಳ್ಳಬೇಕು. ಬೆರಿಕ್ ಎಂಬಲ್ಲಿ ಟ್ವೀಡ್ ನದಿಯ ಮೇಲಿನ ಎತ್ತರದ ಸೇತುವೆಯನ್ನು ದಾಟಿದಮೇಲೆ ಸಮುದ್ರ ಕೆಳಗೇ ಬರುತ್ತದೆ. ಕುರಿಗಳು ಬಂಡೆಯ ಅಂಚಿನವರೆಗೂ ಮೇಯುತ್ತಿರುತ್ತವೆ. ಇಳಿಯುವ ನಿಲ್ದಾಣದ ಹೆಸರು ವೇವರ್ಲಿ. ಸರ್ ವಾಲ್ಟರ್ ಸ್ಕಾಟನ ಕಾದಂಬರಿಯ ಹೆಸರು. ಹೊರಗೆ ಬಂದರೆ ಆ ಗ್ರಂಥಕರ್ತನಿಗೆ ೬೧ ಮೀಟರ್ ಎತ್ತರದ ಸ್ಮಾರಕ. ಕಥೆ ಬರೆದವನಿಗೆ ರಾಜಗೋಪುರದಂತಹುದನ್ನು ಕಟ್ಟಿದ ಊರನ್ನು ಕಂಡು, ಭಾಷೆಯ ಪಾಠ ಹೇಳಿ ಬದುಕಿದ ನನಗೆ ಕಣ್ಣು ತುಂಬಿತು. ಎದುರಿಗೆ ಕರಿಯ ಬಂಡೆಯ ಮೇಲೆ ಕೋಟೆ. ಅಲ್ಲಿಂದ ಭಾನುವಾರದ ಹೊರತು ದಿನವೂ ಮಧ್ಯಾಹ್ನ ಒಂದು ಗಂಟೆಗೆ ಫಿರಂಗಿ ಹಾರಿಸುತ್ತಾರೆ. ಮೊದಲ ದಿನ ನಾನು ಬೆಚ್ಚಿ ಹುಡುಗಿಯ ಕೈ ಹಿಡಿದುಕೊಂಡೆನು.

ಡಾಲ್ರಿ ಎಂಬ ಬಡಾವಣೆಯಲ್ಲಿ, ಕಲ್ಲಿನ ಹಳೆಯ ಮನೆಯೊಂದರ ನಾಲ್ಕನೆಯ ಅಂತಸ್ತಿನಲ್ಲಿ, ಮತ್ತಿಬ್ಬರು ಹುಡುಗಿಯರೊಡನೆ ಅವಳ ವಾಸ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಹತ್ತು ಗಂಟೆಗೆ. ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಉದಯ. ಸಾಯಂಸಂಧ್ಯೆಯನ್ನು ಊಟಕ್ಕೆ ಮುಂಚೆ ಮಾಡುವುದೋ ಊಟವಾದ ಮೇಲೆ ಮಾಡುವುದೋ ಎಂಬ ಧರ್ಮಸೂಕ್ಷ್ಮವನ್ನು ನಮ್ಮ ಪೂರ್ವಿಕರು ಯೋಚಿಸಿರಲಾರರು. ನಾನು ಗಡಿಯಾರವನ್ನು ನಂಬಿ ಏಳು ಗಂಟೆಗೆ ಮುಗಿಸುತ್ತಿದ್ದೆನು.

ಎರಡನೆಯ ರಾತ್ರಿ, ಅಂದರೆ ಎರಡನೆಯ ಹಗಲಿನ ಕೊನೆಯಲ್ಲಿ, ಅವಳು ಒಂದು ನೋಟುಪುಸ್ತಕವನ್ನು ನನ್ನ ಮುಂದೆ ಇಟ್ಟಳು. ಹಾಕಿದ ಅರ್ಜಿಗಳ ಲೆಕ್ಕ. ಒಟ್ಟು ೧೧೪. ಉತ್ತರವೇ ಬಾರದವು ೬೩. “ನಿಮಗೆ ವೀಸಾಕ್ಕಾಗಿ ನಮ್ಮ ಪ್ರಾಯೋಜನೆ ಬೇಕಾಗುವುದೇ?” ಎಂಬ ಪ್ರಶ್ನೆಗೆ ಹೌದೆಂದು ಬರೆದೊಡನೆ ತಿರಸ್ಕೃತವಾದವು ೩೪. ಪರೀಕ್ಷೆಯವರೆಗೆ ಹೋದವು ೧೭. ಯಾವ ಅರ್ಜಿ ಎಷ್ಟನೆಯ ದಿನ ಸತ್ತಿತೆಂಬುದಕ್ಕೂ ಒಂದು ಅಂಕಣವಿತ್ತು. ಸುಡುಗಾಡಿನ ದಾಖಲೆಯಂತೆ ಅಚ್ಚುಕಟ್ಟಾಗಿತ್ತು. “ಇಪ್ಪತ್ತೊಂದು ದಿನ ದಾಟಿದರೆ ಆಯುಸ್ಸು ಸ್ವಲ್ಪ ಗಟ್ಟಿ, ಮಾವ” ಎಂದಳು.

“ಬಾಲಾರಿಷ್ಟ ಕಳೆದಂತೆ” ಎಂದೆನು.

“ಹಾಗೆಯೇ. ಈಗ ಉಸಿರಾಡುತ್ತಿರುವುದು ಒಂದೇ ಒಂದು.”

ಮಕ್ಕಳನ್ನು ಇಂತಹ ಓದಿಗೆ ಕಳುಹಿಸುವ ತಾಯಿತಂದೆಗಳಿಗೆ ಉಪಯೋಗವಾದೀತೆಂದು, ಅವಳಿಂದ ನಾನು ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇನೆ. ಸ್ನಾತಕೋತ್ತರ ಓದು ಅಲ್ಲಿ ಒಂದೇ ವರ್ಷದ್ದು; ಸೆಪ್ಟೆಂಬರಿನಲ್ಲಿ ಆರಂಭ. ದೊಡ್ಡ ಕಂಪೆನಿಗಳು ಬರುವ ವರ್ಷದ ಕೆಲಸಗಳಿಗೆ ಹುಡುಗರನ್ನು ಆರಿಸಲು ತೊಡಗುವುದೂ ಅದೇ ಶರತ್ಕಾಲದಲ್ಲಿಯೇ. ಹೋದ ಹುಡುಗಿ ಚಳಿಗೆ ಕೋಟು ಕೊಳ್ಳುವ ಹೊತ್ತಿಗೆ ಒಳ್ಳೆಯ ಬಾಗಿಲುಗಳು ಮುಚ್ಚುತ್ತ ಬಂದಿರುತ್ತವೆ. ನಮ್ಮವಳು ಮೊದಲು ಓದು ಮುಗಿಯಲಿ, ಆಮೇಲೆ ಕೆಲಸ ಎಂದುಕೊಂಡಳು. ಹಾಗೆ ಬುದ್ಧಿ ಹೇಳಿದವನು ನಾನೇ.

ಎರಡನೆಯದಾಗಿ, ಓದು ಮುಗಿಸಿದವರಿಗೆ ಕೆಲಸ ಹುಡುಕಲು ಎರಡು ವರ್ಷದ ವೀಸಾ ಕೊಡುತ್ತಿದ್ದರು. ೨೦೨೭ರ ಜನವರಿ ೧ರಿಂದ ಅರ್ಜಿ ಹಾಕುವವರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಲು ಗೊತ್ತುಮಾಡಿದ್ದಾರೆ. ಅದು ಮುಗಿದ ಮೇಲೆ ನಿಲ್ಲಬೇಕಾದರೆ, ಸರ್ಕಾರದಿಂದ ಪ್ರಾಯೋಜಕರೆಂದು ಪರವಾನಗಿ ಪಡೆದ ಕಂಪೆನಿಯೇ ಕೆಲಸ ಕೊಟ್ಟು ಪ್ರಮಾಣಪತ್ರವನ್ನೂ ಕೊಡಬೇಕು. ಸಂಬಳವೂ ಮಿತಿಗೆ ಕಡಮೆಯಿರಬಾರದು. ಹೊಸದಾಗಿ ವೃತ್ತಿಗೆ ಸೇರುವವರಿಗೆ ರಿಯಾಯಿತಿಯ ಮಿತಿಯುಂಟು: ಒಂದು ಗೊತ್ತಾದ ಮೊತ್ತ, ಇಲ್ಲವೆ ಆ ವೃತ್ತಿಯ ವಾಡಿಕೆಯ ದರದಲ್ಲಿ ಶೇಕಡ ೭೦, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ನಾನು ಹೋದಾಗ ಆ ಮೊತ್ತ ವರ್ಷಕ್ಕೆ ೩೦,೯೬೦ ಪೌಂಡ್ ಇದ್ದಿತು. ಆದರೆ ವಲಸೆಯ ನಿಯಮಗಳನ್ನು ಬಿಗಿಮಾಡುವುದಾಗಿ ಅಲ್ಲಿನ ಸರ್ಕಾರ ಮೇ ತಿಂಗಳಿನಲ್ಲಿಯೇ ಶ್ವೇತಪತ್ರ ಹೊರಡಿಸಿತ್ತು. ಮಿತಿ ಯಾವಾಗ ಏರುವುದೋ ಎಷ್ಟು ಏರುವುದೋ ಎಂದು ಹುಡುಗರೆಲ್ಲ ಕಾಯುತ್ತಿದ್ದರು.

ಕಂಪೆನಿಗಳು ಹಿಂಜರಿಯುವುದಕ್ಕೂ ಕಾರಣವಿಲ್ಲದೆ ಇಲ್ಲ. ಈ ವೃತ್ತಿಯಲ್ಲಿ ಪೂರ್ಣ ಪದವಿಗೆ ಹತ್ತಕ್ಕೂ ಹೆಚ್ಚು ಪರೀಕ್ಷೆಗಳು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುತ್ತವೆ. ಸೇರಿಸಿಕೊಂಡ ಕಂಪೆನಿ ಪರೀಕ್ಷೆಯ ಶುಲ್ಕವನ್ನೂ ಓದುವ ರಜೆಯನ್ನೂ ಹಲವು ವರ್ಷ ಕೊಟ್ಟು ಸಾಕುತ್ತದೆ. ಸಾಕಿದ ಗಿಣಿ ನಡುವೆ ವೀಸಾ ಮುಗಿದು ಹಾರಿಹೋದರೆ ಎಂಬ ಭಯ. ಇನ್ನೂ ವಿಚಿತ್ರವೇನೆಂದರೆ, ಅನುಭವವಿಲ್ಲದೆ ಬಹಳ ಪರೀಕ್ಷೆ ಮುಗಿಸಿದವರನ್ನೂ ಕೆಲವರು ಅನುಮಾನದಿಂದ ನೋಡುತ್ತಾರೆ. ಇವರು ಹೆಚ್ಚು ಸಂಬಳ ಕೇಳುವರು, ಕೆಲಸ ಮಾತ್ರ ಮೊದಲಿನಿಂದ ಕಲಿಸಬೇಕು ಎಂದು. ನಮ್ಮವಳು ಆಗ ಪಿಂಚಣಿ ದಾಖಲೆಗಳನ್ನಿಡುವ ಕಚೇರಿಯೊಂದರಲ್ಲಿ ತಾತ್ಕಾಲಿಕ ಗುಮಾಸ್ತೆಯಾಗಿದ್ದಳು. ಅವರು ವೀಸಾಕ್ಕೆ ಕೈಹಾಕುವವರಲ್ಲ. ಆದರೂ ಸತ್ತವರ ಹೆಸರನ್ನು ಪಟ್ಟಿಯಿಂದ ಹೇಗೆ ತೆಗೆಯುತ್ತಾರೆ, ಹೆಂಡತಿಗೆ ಎಷ್ಟು ಬರೆಯುತ್ತಾರೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಕಲಿತೆನೆಂದು ಹೇಳಿದಳು.

“ಬೆಂಗಳೂರಿನಲ್ಲಿಯೇ ಈ ಕೆಲಸ ಇದೆಯಂತಲ್ಲ, ಪುಟ್ಟಿ?” ಎಂದೆನು. ಕರೆತರುವ ಪ್ರಸ್ತಾಪವನ್ನು ಹಾಗೆ ಆರಂಭಿಸಬೇಕೆಂದು ವಿಮಾನದಲ್ಲಿಯೇ ಯೋಚಿಸಿದ್ದೆನು.

“ಇದೆ, ಮಾವ. ಅಲ್ಲಿಯೂ ಹಾಕಿದ್ದೇನೆ. ನಾಳೆ ನಿಮಗೊಂದು ಸ್ಥಳ ತೋರಿಸಬೇಕು” ಎಂದು ಪುಸ್ತಕ ಮುಚ್ಚಿದಳು.

ಮರುದಿನ ಜಾರ್ಜ್ ಸ್ಟ್ರೀಟಿನ ಮೂಲಕ ಹೋದೆವು. ೧೮೨೫ರಲ್ಲಿ ಹುಟ್ಟಿದ ಸ್ಟಾಂಡರ್ಡ್ ಲೈಫ್ ಎಂಬ ವಿಮಾ ಕಂಪೆನಿಯ ಹಳೆಯ ಕಟ್ಟಡದ ನೆತ್ತಿಯಲ್ಲಿ ಬೈಬಲಿನ ಹತ್ತು ಕನ್ಯೆಯರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ದೀಪಕ್ಕೆ ಎಣ್ಣೆ ತೆಗೆದಿಟ್ಟುಕೊಂಡವರು ಐವರು, ಮರೆತು ಬಂದವರು ಐವರು. ವಿಮೆಯವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ದೊರೆಯದು. ಅದಕ್ಕೂ ಹಳೆಯದು ೧೮೧೫ರ ಸ್ಕಾಟಿಷ್ ವಿಡೋಸ್. ಹೆಸರಿನ ಅರ್ಥವೇ ಸ್ಕಾಟ್ಲೆಂಡಿನ ವಿಧವೆಯರು. ಗಂಡನೋ ಅಣ್ಣನೋ ತಂದೆಯೋ ಸತ್ತ ಹೆಂಗಸರಿಗಾಗಿ ಕೂಡಿಹಾಕಿದ ನಿಧಿಯದು. ಕರಿಯ ಮುಸುಕಿನ ಹೆಂಗಸಿನ ಚಿತ್ರ ಅವರ ಗುರುತು. ನಮ್ಮಲ್ಲಿ ಶುಭಕಾರ್ಯಕ್ಕೆ ಎದುರು ಬಂದರೆ ಅಪಶಕುನವೆಂದು ಬಗೆದ ರೂಪವನ್ನು ಅವರು ಅಂಗಡಿಯ ಹೆಸರು ಮಾಡಿಕೊಂಡಿದ್ದಾರೆ. ನಾನು ನನ್ನ ತಂಗಿಯನ್ನು ನೆನೆದೆನು.

ಅವಳು ತೋರಿಸಬೇಕೆಂದದ್ದು ಗ್ರೇಫ್ರಯರ್ಸ್ ಚರ್ಚಿನ ಶ್ಮಶಾನ. ಬಾಗಿಲಿನ ಬಳಿ ಯಜಮಾನನ ಗೋರಿಯನ್ನು ಕಾಯ್ದುಕೊಂಡಿದ್ದ ನಾಯಿಯೊಂದರ ಪ್ರತಿಮೆಯುಂಟು. ಪ್ರವಾಸಿಗಳೆಲ್ಲರೂ ಅದರ ಮೂಗನ್ನು ಉಜ್ಜಿ ಹೊಳೆಯುವಂತೆ ಮಾಡಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಒಳಗೆ ಕಾಲಿನ್ ಮ್ಯಾಕ್ಲಾರಿನ್ ಎಂಬ ಗಣಿತಜ್ಞನ ಸಮಾಧಿಯಿದೆ. ನ್ಯೂಟನ್ನನೇ ಶಿಫಾರಸು ಮಾಡಿ, ಸಂಬಳಕ್ಕೆ ತನ್ನ ಕೈಯಿಂದ ಹಣ ಸೇರಿಸುವೆನೆಂದು ಬರೆದು, ೧೭೨೫ರಲ್ಲಿ ಇಲ್ಲಿನ ವಿಶ್ವವಿದ್ಯಾನಿಲಯಕ್ಕೆ ಕೊಡಿಸಿದವನು. ಕೆಲಸಕ್ಕೆ ಶಿಫಾರಸು ಬೇಕಾಗುವುದು ಹೊಸ ಮಾತಲ್ಲ.

ಅಲ್ಲಿನ ಕಲ್ಲುಬೆಂಚಿನ ಮೇಲೆ ಕುಳಿತು ಹುಡುಗಿ ಈ ಕಥೆಯನ್ನು ಹೇಳಿದಳು. ಆ ಕಾಲದಲ್ಲಿ ಪಾದ್ರಿ ಸತ್ತರೆ ಅವನ ಹೆಂಡತಿಮಕ್ಕಳು ಚರ್ಚಿನ ಮನೆಯನ್ನು ಬಿಟ್ಟು ಬೀದಿಗೆ ಬರಬೇಕಾಗಿತ್ತು. ರಾಬರ್ಟ್ ವಾಲೇಸ್, ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು ಇದಕ್ಕೊಂದು ಉಪಾಯ ಹುಡುಕಿದರು. (ವೆಬ್‌ಸ್ಟರನು ದೊಡ್ಡ ದ್ರಾಕ್ಷಾಮದ್ಯಪ್ರಿಯ; ಲೆಕ್ಕದಲ್ಲಿ ಮಾತ್ರ ಎಂದೂ ತೂರಾಡಲಿಲ್ಲ.) ಊರೂರಿನ ಚರ್ಚುಗಳಿಗೆ ಬರೆದು ವಿವರ ತರಿಸಿದರು. ಸ್ಕಾಟ್ಲೆಂಡಿನಲ್ಲಿ ಯಾವಾಗಲೂ ಸುಮಾರು ೯೩೦ ಮಂದಿ ಪಾದ್ರಿಗಳು. ವರ್ಷಕ್ಕೆ ಸರಾಸರಿ ೨೭ ಮಂದಿ ಸಾಯುವರು. ಅವರಲ್ಲಿ ೧೮ ಮಂದಿ ಹೆಂಡತಿಯನ್ನು ಬಿಟ್ಟುಹೋಗುವರು. ಪಾದ್ರಿಯೊಬ್ಬನು ವರ್ಷಕ್ಕೆ ೨ ಪೌಂಡ್ ೧೨ ಷಿಲಿಂಗ್ ೨ ಪೆನ್ಸ್ ಕೊಟ್ಟರೆ ಅವನ ವಿಧವೆಗೆ ವರ್ಷಕ್ಕೆ ೧೦ ಪೌಂಡ್. ಹೆಚ್ಚು ಕೊಡಬಲ್ಲವನು ೬ ಪೌಂಡ್ ೧೧ ಷಿಲಿಂಗ್ ೩ ಪೆನ್ಸ್ ಕೊಟ್ಟರೆ ೨೫ ಪೌಂಡ್. ಬಂದ ಹಣವನ್ನು ಬಂದಂತೆಯೇ ಹಂಚದೆ, ಬಡ್ಡಿಗೆ ಹಾಕಿ, ಮೂಲಧನವನ್ನು ಬೆಳೆಸುತ್ತ ಹೋಗುವುದೇ ಇದರ ಜಾಣ್ಮೆ. ಮ್ಯಾಕ್ಲಾರಿನ್ ಲೆಕ್ಕವನ್ನು ತಿದ್ದಿಕೊಟ್ಟನು. ನಿಧಿ ೧೭೪೪ರಲ್ಲಿ ಆರಂಭವಾಯಿತು. ೧೭೬೫ರಲ್ಲಿ ನಿಧಿಯಲ್ಲಿ ೫೮,೩೪೮ ಪೌಂಡ್ ಇರಬೇಕೆಂದು ಮೊದಲೇ ಬರೆದಿಟ್ಟಿದ್ದರು. ಆ ವರ್ಷ ಎಣಿಸಿದಾಗ ಇದ್ದುದು ೫೮,೩೪೭.

“ಒಂದು ಪೌಂಡ್ ಕಡಮೆ” ಎಂದೆನು.

“ಒಂದೇ ಪೌಂಡ್, ಮಾವ” ಎಂದಳು.

ನನಗೆ ನನ್ನ ಸಂಬಳದ ಚೀಟಿ ನೆನಪಿಗೆ ಬಂದಿತು. ನಮ್ಮಲ್ಲಿಯೂ ಮೈಸೂರು ಸಂಸ್ಥಾನದವರು ೧೮೯೧ರಲ್ಲಿಯೇ ಸರ್ಕಾರಿ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿದ್ದರು. ಈಗಲೂ ರಾಜ್ಯ ಸರ್ಕಾರದ ವಿಮಾ ಇಲಾಖೆಯಾಗಿ ನಡೆದುಬಂದಿದೆ. ತಿಂಗಳುತಿಂಗಳೂ ಆ ಕಂತನ್ನು ಹಿಡಿದಾಗ ನಾನು ಗೊಣಗಿದವನೇ. ನನ್ನ ಭಾವನೂ ಗೊಣಗುತ್ತಿದ್ದನು. ಅವನು ತೀರಿಹೋದ ವರ್ಷ ಆ ವಿಮೆಯ ಹಣವೂ ಕುಟುಂಬ ಪಿಂಚಣಿಯೂ ಬಂದುದರಿಂದಲೇ ಈ ಮಗುವಿನ ಶಾಲೆಯ ಶುಲ್ಕ ನಿಲ್ಲಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ; ಅವಳು ಈ ವಿದ್ಯೆಗೆ ಹೋದುದೇ ಅದರಿಂದ ಎಂಬುದು ನನಗೆ ಆ ಬೆಂಚಿನ ಮೇಲೆ ಹೊಳೆಯಿತು. ಕರೆತರಬೇಕೆಂದು ಬಂದ ಮಾತನ್ನು ಅಂದು ಆಡಲಿಲ್ಲ. ಆಮೇಲೂ ಆಡಲಾಗಲಿಲ್ಲ.

ಉಸಿರಾಡುತ್ತಿದ್ದ ಆ ಒಂದು ಅರ್ಜಿ, ನೌಕರರ ಪಿಂಚಣಿ ನಿಧಿಗಳಿಗೆ ಸಲಹೆ ಕೊಡುವ ಸಣ್ಣ ಸಂಸ್ಥೆಯೊಂದರಲ್ಲಿತ್ತು. ಹಳೆಯ ಕಂಪೆನಿಗಳು ತಮ್ಮ ಪಿಂಚಣಿಯ ಹೊಣೆಯನ್ನು ವಿಮಾ ಕಂಪೆನಿಗಳಿಗೆ ಒಪ್ಪಿಸಿಬಿಡುವ ವ್ಯವಹಾರ ಈಚೆಗೆ ಅಲ್ಲಿ ಬಹಳ ಬೆಳೆದು, ಇಂತಹವರಿಗೆ ಕೈತುಂಬ ಕೆಲಸ. ಪ್ರಾಯೋಜಕರ ಪರವಾನಗಿಯೂ ಅವರಿಗಿದ್ದಿತು. ದೊಡ್ಡ ಹೆಸರುಗಳಿಗೇ ಬರೆಯುತ್ತ ಕುಳಿತುದು ತನ್ನ ತಪ್ಪೆಂದು ಹುಡುಗಿ ಒಪ್ಪಿಕೊಂಡಳು. ಪರವಾನಗಿ ಪಡೆದವರ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ, ಅದನ್ನು ಮೊದಲು ತೆರೆದು ಸಣ್ಣವರನ್ನು ಹುಡುಕಬೇಕಾಗಿತ್ತು. ಗಣಿತದ ಪರೀಕ್ಷೆಯನ್ನು ಅವರು ಆಗಲೇ ಮಾಡಿಯಾಗಿತ್ತು. ಉಳಿದಿದ್ದುದು ಒಂದು ಕಾಗದ. ಗಂಡನನ್ನು ಕಳೆದುಕೊಂಡ ಎಪ್ಪತ್ತು ವರ್ಷದ ಹೆಂಗಸೊಬ್ಬಳಿಗೆ, ಅವನಿಗೆ ಬರುತ್ತಿದ್ದ ಪಿಂಚಣಿಯಲ್ಲಿ ಅರ್ಧ ಮಾತ್ರ ಇನ್ನು ಮುಂದೆ ಏಕೆ ಬರುವುದೆಂದು ತಿಳಿಯುವಂತೆ ಮನೆಯಲ್ಲಿ ಬರೆದು ತರಬೇಕು. ಅದರ ಮೇಲೆ ಮಾತುಕತೆ.

ಅವಳು ಬರೆದುದನ್ನು ನನಗೆ ಕನ್ನಡದಲ್ಲಿ ಹೇಳಿ ನೋಡಿದಳು. ನಾನು ಶಾಲೆಯ ಅಭ್ಯಾಸದಂತೆ ಪೆನ್ಸಿಲು ಹಿಡಿದು ಕುಳಿತೆನು. “ಇದರಲ್ಲಿ ನಿಯಮದ ಸಂಖ್ಯೆ ಮೊದಲು ಬಂದಿದೆಯಲ್ಲ. ಸತ್ತವನ ವಿಷಯ ಎಲ್ಲಿ?” ಎಂದೆನು. ೨೦೦೯ರಲ್ಲಿ ತಂಗಿಗೆ ಕಚೇರಿಯೊಂದರಿಂದ ಬಂದ ಕಾಗದದಲ್ಲಿಯೂ ಮೊದಲು ಇದ್ದುದು ಉಲ್ಲೇಖ ಸಂಖ್ಯೆಯೇ. ಅದನ್ನು ಅವಳಿಗೆ ಮೂರು ಸಲ ಓದಿ ಹೇಳಿದವನು ನಾನು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹರಿದುಹಾಕಿ, ತಾಯಿಗೆ ಬರೆದಂತೆ ಹೊಸದಾಗಿ ಬರೆದಳು. ಹನ್ನೊಂದು ಗಂಟೆಯಾದರೂ ಕಿಟಕಿಯಲ್ಲಿ ಬೆಳಕಿತ್ತು.

ಜೂನ್ ೨೪ರಂದು ವೇವರ್ಲಿಯಲ್ಲಿ ನನ್ನನ್ನು ರೈಲು ಹತ್ತಿಸಿದಾಗ ಅವರಿಂದ ಉತ್ತರ ಬಂದಿರಲಿಲ್ಲ. ತಂಗಿಗೆ ಏನು ಹೇಳಲಿ ಎಂದು ಕೇಳಿದೆನು. “ಇಪ್ಪತ್ತೊಂದು ದಿನ ದಾಟಿದೆಯೆಂದು ಹೇಳಿ, ಮಾವ” ಎಂದಳು. ನಂಜನಗೂಡಿಗೆ ಬಂದು ಹಾಗೆಯೇ ಹೇಳಿದೆನು. ತಂಗಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಜುಲೈ ೧ರಂದು ಹೊಸ ನಿಯಮ ಪ್ರಕಟವಾಯಿತು. ೨೨ರಿಂದ ರಿಯಾಯಿತಿಯ ಮಿತಿ ೩೦,೯೬೦ರಿಂದ ೩೩,೪೦೦ ಪೌಂಡಿಗೆ ಏರುವುದೆಂದೂ, ಅದಕ್ಕೆ ಮುಂಚೆ ಪ್ರಮಾಣಪತ್ರ ಪಡೆದು ಅರ್ಜಿ ಹಾಕಿದವರಿಗೆ ಹಳೆಯದೇ ಸಲ್ಲುವುದೆಂದೂ ಇತ್ತು. ಸಂಸ್ಥೆಯವರು ಕೆಲಸ ಕೊಡುವೆವೆಂದು ೯ರಂದು ತಿಳಿಸಿದರು. ಅವರು ಹೇಳಿದ ಸಂಬಳ ಹಳೆಯ ಮಿತಿಗೆ ಮೇಲೆ, ಹೊಸ ಮಿತಿಗೆ ಕೆಳಗೆ. ಎಂಟು ದಿನ ನಮ್ಮ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ೧೭ರಂದು ಪ್ರಮಾಣಪತ್ರ ಬಂದಿತು; ಅದೇ ರಾತ್ರಿ ಅವಳು ವೀಸಾಕ್ಕೆ ಅರ್ಜಿ ಹಾಕಿದಳು.

ಸ್ವಲ್ಪ ದಿನದ ಮೇಲೆ ಅವಳ ನೇಮಕದ ಪತ್ರದ ಪ್ರತಿಯನ್ನು ಫೋನಿನಲ್ಲಿ ಕಳುಹಿಸಿದಳು. ತಂಗಿ ಕೈತೊಳೆದು ಬಂದು ಪಕ್ಕದಲ್ಲಿ ಕುಳಿತು, ಓದು ಎಂದಳು. ಸಂಬಳದ ಮೊತ್ತವನ್ನು ಹೇಳಿದೆನು. ಅದಕ್ಕೆ ಅವಳು ಏನೂ ಹೇಳಲಿಲ್ಲ.

“ಪಿಂಚಣಿಗೆ ಎಷ್ಟು ಹಿಡಿಯುತ್ತಾರೆ, ಅಣ್ಣಯ್ಯ?” ಎಂದು ಕೇಳಿದಳು.

ಕನ್ನಡಕವನ್ನು ಒರೆಸಿಕೊಂಡು, ಆ ಸಾಲನ್ನು ಹುಡುಕಿ, ಶೇಕಡ ಐದು ಎಂದು ಹೇಳಿದೆನು.